ವಾಲ್ವು ಯಾರ ಕೈಲೈತೆ?

ಈಚೆಗೆ ನಮ್ಮನ್ನು ಒಂದು ಹೊಸ ಪ್ರಶ್ನೆ ಕೇಳುತ್ತಿದ್ದಾರೆ: ಸರ್ಕಾರದಿಂದ ನಿಮಗೆ ತೃಪ್ತಿ ಇದೆಯೇ? ಪೂರ್ತಿ ತೃಪ್ತಿಯೋ, ಸುಮಾರು ತೃಪ್ತಿಯೋ, ಅತೃಪ್ತಿಯೋ? ಮೊಬೈಲಿನ ಮೇಲೆ ಬೆರಳು ಒತ್ತಿದರೆ ಉತ್ತರ ಆಯಿತು. ಬಡವನ ಸಿಟ್ಟಿಗೆ ಮೂರು ಚೌಕ ಮಾಡಿ ಅದರೊಳಗೆ ಕೂರಿಸುವ ಈ ವಿದ್ಯೆಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಕಾಣೆವು. ಆದರೆ ಕೇರಿಯ ಅವ್ವಂದಿರು ಇಂಥ ಪ್ರಶ್ನೆಗೆ ಸೀದಾ ಉತ್ತರ ಹೇಳುವವರಲ್ಲ. ತಿರುಗಿಸಿ ಕೇಳುತ್ತಾರೆ: "ಯಾವ ಸರ್ಕಾರ ಕಣಪ್ಪ ನೀನು ಕೇಳ್ತಿರಾದು?"

ಮೂರು ವರ್ಷ ರಾಜ್ಯಶಾಸ್ತ್ರ ಓದಿ ಡಿಗ್ರಿ ತಂದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಚಿತ್ರ ಇತ್ತು: ಮೇಲೆ ಕೇಂದ್ರ, ನಡುವೆ ರಾಜ್ಯ, ಕೆಳಗೆ ಜಿಲ್ಲೆ, ತಾಲ್ಲೂಕು, ಗ್ರಾಮ. ಅಂದವಾದ ಗೋಪುರ. ಬಾಯಿಪಾಠ ಮಾಡಿ ಹತ್ತು ಅಂಕ ತಗೊಂಡೆವು. ಆ ಗೋಪುರದ ಬುಡದಲ್ಲಿ ಮಣ್ಣು ಹೊತ್ತು ನಿಂತವರು ಯಾರು ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೇಳುತ್ತೇವೆ ಕೇಳಿ. ಈ ನಾಡಿನ ಸರ್ಕಾರದ ಕಟ್ಟಕಡೆಯ ಮೆಟ್ಟಿಲು ನೂರಾರು ವರ್ಷ ನಮ್ಮ ತಾತ ಮುತ್ತಾತಂದಿರೇ ಆಗಿದ್ದರು. ತೋಟಿ, ತಳವಾರ, ನೀರಗಂಟಿ. ಶಾನುಭೋಗರ ದಫ್ತರ ಹೊತ್ತವರು, ಅಮಲ್ದಾರರ ಕುದುರೆಯ ಮುಂದೆ ಓಡಿದವರು, ತಮಟೆ ಬಡಿದು ಡಂಗುರ ಸಾರಿದವರು, ಕಂದಾಯ ಕಟ್ಟದವನನ್ನು ಕರೆತರಲು ಹೋದವರು, ಹೊಲದ ಗಡಿಕಲ್ಲು ತೋರಿಸಿದವರು. ಕೆರೆಯ ತೂಬು ಎತ್ತಿ ಊರ ಗದ್ದೆಗಳಿಗೆಲ್ಲ ನೀರು ಹಂಚಿದ ನೀರಗಂಟಿ ಅದೇ ಊರ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲ! ಸರ್ಕಾರದ ಕೈಕಾಲು ನಾವು. ಬಾಯಿ ಪಟೇಲನದು, ಲೇಖನಿ ಶಾನುಭೋಗನದು. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಪಟೇಲಿಕೆ ಹೋಯಿತು, ಶಾನುಭೋಗಿಕೆ ಹೋಯಿತು, ತೋಟಿ ತಳವಾರಿಕೆಯೂ ಹೋಯಿತು. ಹೋಯಿತು ಅಂದರೆ ಕಾಗದದಲ್ಲಿ ಹೋಯಿತು. ಪಟೇಲನ ಮಗ ಪಂಚಾಯತಿ ಚೇರ್ಮನ್ ಆದ, ಮೊಮ್ಮಗ ಕಂಟ್ರಾಕ್ಟರ್ ಆದ. ಇನಾಂ ಜಮೀನು ಮಾತ್ರ ನಮ್ಮ ಕೈಯಿಂದ ಹೋದದ್ದು ನಿಜವಾಗಿಯೇ ಹೋಯಿತು. ಬರದಲ್ಲಿ ನಾಲ್ಕು ಪಲ್ಲ ರಾಗಿಗೆ, ಮದುವೆಯ ಸಾಲಕ್ಕೆ, ಹೆದರಿಕೆಗೆ.

ಈಗ ಹೇಳಿ, ನಾವು ಯಾವ ಸರ್ಕಾರದ ವಿಷಯ ತೃಪ್ತಿ ಪಡೋಣ?

ದಿಲ್ಲಿಯಲ್ಲೊಂದು ಸರ್ಕಾರ, ಬೆಂಗಳೂರಲ್ಲೊಂದು ಸರ್ಕಾರ. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿ, ಗ್ರಾಮ ಪಂಚಾಯತಿ. ಇವು ಓಟು ಹಾಕಿ ಮಾಡಿದ ಏಣಿ. ಇದರ ಪಕ್ಕದಲ್ಲೇ ಓಟಿಲ್ಲದ ಇನ್ನೊಂದು ಏಣಿ ಐತೆ. ಜಿಲ್ಲಾಧಿಕಾರಿ, ಎ.ಸಿ., ತಹಸೀಲ್ದಾರ್, ರೆವಿನ್ಯೂ ಇನ್‌ಸ್ಪೆಕ್ಟರ್, ಗ್ರಾಮ ಲೆಕ್ಕಿಗ. ಬ್ರಿಟಿಷರು ಹಾಕಿಹೋದ ಏಣಿ, ಹುಳ ಹಿಡಿಯದ ಹೊನ್ನೆ ಮರದ್ದು. ಮೊದಲನೆಯ ಏಣಿ ಆಗಾಗ ಮುರಿಯುತ್ತದೆ, ಎರಡನೆಯದು ಒಂದು ದಿನವೂ ಮುರಿದಿಲ್ಲ. ಇವೆರಡಕ್ಕೂ ಮುಂಚಿನಿಂದ ಇರುವ ಮೂರನೆಯ ಸರ್ಕಾರವೂ ಒಂದುಂಟು. ಅದಕ್ಕೆ ಕಚೇರಿ ಇಲ್ಲ, ಸೀಲಿಲ್ಲ. ಅರಳಿಕಟ್ಟೆಯೇ ಅದರ ವಿಧಾನಸೌಧ. ಅದು ದಂಡ ಹಾಕುತ್ತದೆ, ಬಹಿಷ್ಕಾರ ಹಾಕುತ್ತದೆ, ಅಂಗಡಿಯಲ್ಲಿ ಉಪ್ಪು ಕೊಡಬೇಡಿ, ಕೂಲಿಗೆ ಕರೆಯಬೇಡಿ ಎನ್ನುತ್ತದೆ, ಅದರ ಆಜ್ಞೆ ಅದೇ ಸಂಜೆಗೆ ಜಾರಿಯಾಗುತ್ತದೆ. ಯಾವ 'ಸಕಾಲ'ವೂ ಬೇಡ.

ಮೊದಲೆರಡು ಸರ್ಕಾರಗಳು ಮೂರನೆಯದಕ್ಕೆ ಎಲ್ಲಿ ತಲೆಬಾಗುತ್ತವೆ ಎನ್ನುವುದು ನಮಗೆ ದಿನಾ ಬೆಳಗ್ಗೆ ನಲ್ಲಿಯ ಮುಂದೆ ಕಾಣುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ಜಲ ಜೀವನ ಮಿಷನ್ ಎಂದು ಶುರು ಮಾಡಿತು. ಪ್ರತಿ ಮನೆಗೆ ನಲ್ಲಿ, ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು. ದುಡ್ಡಿನಲ್ಲಿ ಅರ್ಧ ದಿಲ್ಲಿಯದು, ಅರ್ಧ ಬೆಂಗಳೂರಿನದು. ನಮ್ಮ ರಾಜ್ಯ ಇದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರಿಟ್ಟಿತು. (ಗಂಗೆ ಎಂದ ಕೂಡಲೇ ನಮಗೆ ಸ್ವಲ್ಪ ಗಾಬರಿ. ಗಂಗೆಗೆ ಮಡಿ ಜಾಸ್ತಿ.) ಪೈಪು ಬಂತು, ನಲ್ಲಿ ಬಂತು, ನಲ್ಲಿಯ ಪಕ್ಕ ಅವ್ವನನ್ನು ನಿಲ್ಲಿಸಿ ಫೋಟೊ ಹಿಡಿದರು, ಲೆಕ್ಕ ದಿಲ್ಲಿಗೆ ಹೋಯಿತು. ದಿಲ್ಲಿ ಎಣಿಸುವುದು ನಲ್ಲಿಯನ್ನು. ನೀರು ಬಿಡುವುದು ಯಾರು? ಗ್ರಾಮ ಪಂಚಾಯತಿಯ ವಾಟರ್‌ಮ್ಯಾನ್. ಅವನನ್ನು ಇಟ್ಟವರು ಯಾರು? ಪಂಚಾಯತಿ. ಪಂಚಾಯತಿ ಯಾರದು? ಅಲ್ಲಿಗೆ ಮಾತು ಅರಳಿಕಟ್ಟೆಗೆ ಬಂದು ನಿಲ್ಲುತ್ತದೆ. ಊರೊಳಗಿನ ವಾಲ್ವು ಬೆಳಗ್ಗೆ ಆರಕ್ಕೆ ತಿರುಗುತ್ತದೆ, ಒಂದು ಗಂಟೆ ಬಿಡುತ್ತಾರೆ. ಎ.ಕೆ. ಕಾಲೊನಿಯ ವಾಲ್ವು ಕರೆಂಟು ಹೋಗುವ ಹೊತ್ತಿಗೆ ತಿರುಗುತ್ತದೆ. ಕಾಲೊನಿಯೂ ಪೈಪಿನ ಕೊನೆಯಲ್ಲೇ ಇರುವುದು ತಾನೆ? ಕೇಳಿದರೆ "ಪ್ರೆಶರ್ ಇಲ್ಲ ಕಣ್ರಪ್ಪ" ಅಂತಾರೆ. ಸಾವಿರ ವರ್ಷದಿಂದ ಇದ್ದದ್ದು ಇದೊಂದೇ ಪ್ರೆಶರ್!

ನೋಡಿ ವಿಚಿತ್ರ. ಒಂದು ಬಿಂದಿಗೆ ನೀರಿಗೆ ಪ್ರಧಾನಮಂತ್ರಿಯ ಹೆಸರು, ಮುಖ್ಯಮಂತ್ರಿಯ ಹೆಸರು, ಎಂಜಿನಿಯರ್, ಕಂಟ್ರಾಕ್ಟರ್, ಸಾವಿರಾರು ಕೋಟಿ. ಇಷ್ಟೆಲ್ಲ ದಾಟಿ ಬಂದ ನೀರು ಒಬ್ಬನ ಕೈಯ ಅರ್ಧ ತಿರುವಿನಲ್ಲಿ ನಿಂತುಹೋಗುತ್ತದೆ.

ಅದಕ್ಕೇ ಬಾಬಾಸಾಹೇಬರು ಹಳ್ಳಿಯನ್ನು ನಂಬಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು ಮಾತಾಡುವಾಗ, ಹಳ್ಳಿಯೆಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ, ಕೋಮು ಭಾವನೆಯ ಬಿಡಾರವೆಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಸಂವಿಧಾನಕ್ಕೆ ಹಳ್ಳಿ ಅಲ್ಲ, ವ್ಯಕ್ತಿಯೇ ಘಟಕ ಎಂದರು. ಸಭೆಯಲ್ಲಿದ್ದ ಗಾಂಧಿವಾದಿಗಳಿಗೆ ಮೈ ಉರಿಯಿತು. ಅದೇ ತಿಂಗಳು ಪಂಚಾಯತಿಗಳನ್ನು ಕಟ್ಟಬೇಕೆಂಬ ತಿದ್ದುಪಡಿ ತಂದು ಸೇರಿಸಿದರು. ಅದೇ ಇವತ್ತಿನ 40ನೇ ವಿಧಿ. ಗ್ರಾಮ ಸ್ವರಾಜ್ಯದ ಕನಸು ಕಂಡವರು ಊರೊಳಗೆ ನಿಂತು ಕಂಡರು. ಕೇರಿಯಲ್ಲಿ ನಿಂತು ನೋಡಿದವನಿಗೆ ಅದೇ ಊರು ಬೇರೆ ಥರ ಕಾಣುತ್ತದೆ.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸುವುದು ಬಾಬಾಸಾಹೇಬರಿಗೆ ಮಾಡುವ ಅನ್ಯಾಯ. ಅವರಿಗಿಂತ ಚೆನ್ನಾಗಿ ಪಂಚಾಯತಿಯ ಬಗ್ಗೆ ಯೋಚಿಸಿದವರು ಕಡಿಮೆ. 1932ರಲ್ಲೇ ಬೊಂಬಾಯಿ ಶಾಸನ ಸಭೆಗೆ ಗ್ರಾಮ ಪಂಚಾಯತಿ ಮಸೂದೆ ಬಂದಾಗ, ಎಲ್ಲರಿಗೂ ಓಟು ಕೊಟ್ಟರೂ ಸಾಲದು, ಶೋಷಿತ ವರ್ಗಕ್ಕೆ ಮೀಸಲು ಸ್ಥಾನ ಬೇಕು ಎಂದು ಪಟ್ಟು ಹಿಡಿದವರು ಅವರೇ. ಪಂಚಾಯತಿಗೆ ನ್ಯಾಯ ತೀರ್ಮಾನದ ಅಧಿಕಾರ ಕೊಡಬೇಡಿ ಎಂದವರೂ ಅವರೇ. ಜನಸಂಖ್ಯೆಗೆ ತಕ್ಕಂತೆ ಪಂಚಾಯತಿಯಲ್ಲಿ ಮೀಸಲಾತಿ ಇಡೀ ದೇಶಕ್ಕೆ ಕಡ್ಡಾಯವಾದದ್ದು 73ನೇ ತಿದ್ದುಪಡಿ ಜಾರಿಗೆ ಬಂದ 1993ರಲ್ಲಿ. ಲೆಕ್ಕ ಹಾಕಿ: ಅರವತ್ತೊಂದು ವರ್ಷ! ಅಷ್ಟು ದಿನ ನಮ್ಮವರು ಪಂಚಾಯತಿಯ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದರು.

ನಮ್ಮ ರಾಜ್ಯ ಈ ವಿಷಯದಲ್ಲಿ ಸ್ವಲ್ಪ ಮುಂದಿತ್ತು ಎನ್ನುವುದನ್ನು ಒಪ್ಪಬೇಕು. 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆ ಮಾಡಿ, 1987ರಲ್ಲಿ ಚುನಾವಣೆ ನಡೆಸಿದರು. ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ದರ್ಜೆ. ಇದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬರು. ಊರೂರಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ಮಂತ್ರಿಗಳು ತಮ್ಮ ಅಧಿಕಾರವನ್ನು ಕೆಳಗೆ ಕೊಡುವುದು ಈ ದೇಶದಲ್ಲಿ ಎಷ್ಟು ಅಪರೂಪ ಎಂದರೆ ಆ ಮನುಷ್ಯನ ಹೆಸರು ಇನ್ನೂ ಹಳ್ಳಿಗಳಲ್ಲಿ ಐತೆ. 1988ರಲ್ಲಿ ಅವರು ತೀರಿಕೊಂಡರು. ಆ ಪರಿಷತ್ತುಗಳ ಅವಧಿ ಮುಗಿದ ಮೇಲೆ ಚುನಾವಣೆ ಮಾಡುವ ಬದಲು ಆಡಳಿತಾಧಿಕಾರಿಗಳನ್ನು ತಂದು ಕೂರಿಸಿದರು. ಓಟಿನ ಏಣಿ ಮುರಿಯಿತು, ಹೊನ್ನೆ ಮರದ ಏಣಿ ಉಳಿಯಿತು.

ಇಂಥ ಕಳ್ಳಾಟ ನಡೆಯಬಾರದೆಂದೇ 73ನೇ ತಿದ್ದುಪಡಿ ಬಂದದ್ದು. ಕವಿತೆ ಬರೆಯುವ ಚಟ ಇರುವುದರಿಂದ ನಮಗೆ ಕಾಯ್ದೆ ಓದುವಾಗಲೂ ಕ್ರಿಯಾಪದದ ಮೇಲೆ ಕಣ್ಣು. ಸರ್ಕಾರದ ಕನ್ನಡದಲ್ಲಿ ಎರಡು ಪದ ಇವೆ: ಒಂದು 'ತಕ್ಕದ್ದು', ಇನ್ನೊಂದು 'ಬಹುದು'. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ನಡೆಸತಕ್ಕದ್ದು ಎನ್ನುತ್ತದೆ 243-ಇ ವಿಧಿ. ಪಂಚಾಯತಿಗಳಿಗೆ ಅಧಿಕಾರವನ್ನು ರಾಜ್ಯಗಳು ಕೊಡಬಹುದು ಎನ್ನುತ್ತದೆ 243-ಜಿ. ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಕೃಷಿ, ಕುಡಿಯುವ ನೀರು, ಶಾಲೆ, ಭೂಸುಧಾರಣೆ, ದುರ್ಬಲ ವರ್ಗಗಳ ಕಲ್ಯಾಣ ಎಲ್ಲವೂ ಅದರಲ್ಲಿವೆ. ಕೊಡಬಹುದು! ಅಂದರೆ ಕೊಡದೆಯೂ ಇರಬಹುದು. ಗೌಡ ಕಣದಲ್ಲಿ "ಮಿಕ್ಕಿದ್ರೆ ಕೊಡಾವ ಬಿಡ್ಲಾ" ಅನ್ನುತ್ತಾನಲ್ಲ, ಅದೇ ಬಹುದು.

ಸರಿ, 'ಬಹುದು' ಬಿಡೋಣ. 'ತಕ್ಕದ್ದು' ಏನಾಯಿತು?

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ ಮಾಡುವ ಕೆಲಸವನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಸರ್ಕಾರ ತನ್ನದೇ ಬೇರೆ ಆಯೋಗ ಮಾಡಿತು. ಆಮೇಲೆ ಮೀಸಲಾತಿ ಪಟ್ಟಿ ಎಂದರು, ಕೋರ್ಟು ಎಂದರು, ವಾಯಿದೆ ಎಂದರು. ನಾಲ್ಕು ವರ್ಷ ಉರುಳಿದರೂ ಚುನಾವಣೆ ಇಲ್ಲ. ಈ ನಡುವೆ ವಿಧಾನಸಭೆಗೆ ಚುನಾವಣೆ ಆಯಿತು, ಲೋಕಸಭೆಗೆ ಆಯಿತು. ಅವಕ್ಕೆ ಒಂದು ದಿನ ತಡ ಆಗಲಿಲ್ಲ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ್ದು ಬಂತು, ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಅಣ್ಣತಮ್ಮಂದಿರು. ಯಾಕೆ? ಜಿಲ್ಲಾ ಪಂಚಾಯತಿ ಸದಸ್ಯ ಬೆಳೆದರೆ ಎಮ್ಮೆಲ್ಲೆ ಕುರ್ಚಿಗೆ ಕಾಲು ಬರುತ್ತದೆ. ಸದಸ್ಯನೇ ಇಲ್ಲದಿದ್ದರೆ ಅನುದಾನ ಎಲ್ಲ ಎಮ್ಮೆಲ್ಲೆಯ ಕೈಚೀಲಕ್ಕೆ. ಜಿಲ್ಲಾ ಪಂಚಾಯತಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ, ನಮ್ಮ ಗಂಡುಮಕ್ಕಳಿಗೆ ಮೀಸಲು ಕುರ್ಚಿಗಳಿದ್ದವು. ಐದು ವರ್ಷಕ್ಕೆ ಕೆಲವಾದರೂ ಕೇರಿಯ ಮುಖಗಳು ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದವು. ಆ ಕುರ್ಚಿಗಳ ಮೇಲೆ ಈಗ ಆಡಳಿತಾಧಿಕಾರಿಯ ಫೈಲು ಕೂತಿದೆ. ಇದು ಚುನಾವಣೆ ಮುಂದೂಡಿದ್ದಲ್ಲ ಗೆಳೆಯರೆ, ಮೀಸಲಾತಿಯನ್ನು ಸದ್ದಿಲ್ಲದೆ ರದ್ದು ಮಾಡಿದ್ದು.

ಇದೇ ರಾಜ್ಯ ಸರ್ಕಾರ 2024ರ ಫೆಬ್ರವರಿ 7ರಂದು ದಿಲ್ಲಿಗೆ ಹೋಗಿ ಧರಣಿ ಕೂತಿತು. 'ನನ್ನ ತೆರಿಗೆ ನನ್ನ ಹಕ್ಕು' ಎಂದಿತು. 14ನೇ ಹಣಕಾಸು ಆಯೋಗದ ಕಾಲದಲ್ಲಿ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕಕ್ಕೆ ಶೇ. 4.71 ಸಿಗುತ್ತಿತ್ತು, 15ನೇ ಆಯೋಗ ಅದನ್ನು ಶೇ. 3.64ಕ್ಕೆ ಇಳಿಸಿತು. ದಿಲ್ಲಿ ಮಾಡಿದ್ದು ಅನ್ಯಾಯವೇ. ಆ ಧರಣಿಗೆ ನಮ್ಮದೂ ಒಂದು ಕೂಗು ಇರಲಿ. ಆದರೆ ಸ್ವಾಮಿ, ಜಂತರ್ ಮಂತರ್‌ನಲ್ಲಿ ಹಿಡಿದ ಅದೇ ಬೋರ್ಡನ್ನು ತಂದು ವಿಧಾನಸೌಧದ ಮುಂದೆ ಜಿಲ್ಲಾ ಪಂಚಾಯತಿಯವರು ಹಿಡಿದರೆ? ಗ್ರಾಮ ಪಂಚಾಯತಿಯ ಮುಂದೆ ಎ.ಕೆ. ಕಾಲೊನಿಯವರು ಹಿಡಿದರೆ? ಮೇಲಿನವನ ಮುಂದೆ ಹಕ್ಕು ಎನ್ನುವವನು ಕೆಳಗಿನವನಿಗೆ ಭಿಕ್ಷೆ ಎನ್ನುತ್ತಾನೆ. ದಿಲ್ಲಿಯ ಮುಂದೆ ಬೆಂಗಳೂರು ಕೈಕಟ್ಟಿ ನಿಲ್ಲುತ್ತದೆ, ಬೆಂಗಳೂರಿನ ಮುಂದೆ ಜಿಲ್ಲೆ, ಜಿಲ್ಲೆಯ ಮುಂದೆ ಪಂಚಾಯತಿ. ಒಬ್ಬೊಬ್ಬನಿಗೂ ಮೇಲಿನವನಿಂದ ಒದೆ ತಿಂದ ನೋವು ಉಂಟು, ಅದನ್ನು ಮರೆಯಲು ಕೆಳಗೆ ಒದೆಯಲೊಬ್ಬ ಉಂಟು. ಇದಕ್ಕೆ ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಹೆಸರಿಟ್ಟರು. ಅವರು ಹೇಳಿದ್ದು ಜಾತಿಗೆ. ಈ ದೇಶದ ಸರ್ಕಾರಗಳೂ ಜಾತಿಯ ಹಾಗೇ ಕೂತಿವೆ. ಒಂದೇ ವ್ಯತ್ಯಾಸ: ಎಲ್ಲರ ಕೆಳಗೆ ಒದೆಯಲು ಯಾರೂ ಇಲ್ಲದವರು ಎರಡೂ ಕಡೆ ನಾವೇ.

ದುಡ್ಡಿನ ಮಾತು ಬಂತಲ್ಲ, ಉಪಯೋಜನೆಯ ಕತೆ ಹೇಳಿಯೇ ಮುಂದೆ ಹೋಗೋಣ. 2011ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಸೇರಿ ನೂರಕ್ಕೆ 24.1. ಬಜೆಟ್ಟಿನ ಯೋಜನಾ ವೆಚ್ಚದಲ್ಲಿ ಅಷ್ಟು ಪಾಲು ನಮಗೇ ಖರ್ಚಾಗಬೇಕೆಂದು 2013ರಲ್ಲಿ ಕಾಯ್ದೆಯಾಯಿತು. ಒಳ್ಳೆಯ ಕಾಯ್ದೆ. ಆದರೆ ಅದರ 7-ಡಿ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ರಸ್ತೆ, ಸೇತುವೆ, ನೀರಾವರಿ ಏನೇ ಮಾಡಿದರೂ ಅದರಲ್ಲೊಂದು ಭಾಗ ನಮಗಾಗಿ ಖರ್ಚು ಮಾಡಿದ್ದು ಎಂದು 'ಭಾವಿಸಬಹುದು'. ಮತ್ತೆ ನೋಡಿ, ಬಹುದು! ಮೇಲ್ಸೇತುವೆಯ ಕೆಳಗೆ ಮಲಗುವವನು ನಮ್ಮವನಾದ್ದರಿಂದ ಸೇತುವೆ ನಮ್ಮದೇ ಎಂದು ಲೆಕ್ಕ ಬರೆದರು. ಹೋರಾಟ ಮಾಡಿ ಮಾಡಿ 2023ರಲ್ಲಿ ಆ 7-ಡಿಯನ್ನು ತೆಗೆಸಿದ್ದಾಯಿತು. 7-ಸಿ ಉಳಿಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ಗ್ಯಾರಂಟಿ ಯೋಜನೆಗಳಿಗೆಂದು ಉಪಯೋಜನೆಯ ಹಣದಿಂದ 11 ಸಾವಿರ ಕೋಟಿಗೂ ಮೇಲೆ ಎತ್ತಿದರು.

ಅವ್ವನ ಕೈಗೆ ಬಂದ ಎರಡು ಸಾವಿರವನ್ನು ನಾವು ಹೀಯಾಳಿಸುವುದಿಲ್ಲ. ಅದನ್ನು ಬಿಟ್ಟಿ ಭಾಗ್ಯ ಎಂದು ಕೊಂಕು ಮಾತಾಡುವ ಹೊಟ್ಟೆ ತುಂಬಿದವರ ಜೊತೆ ನಾವಿಲ್ಲ. ಗಂಡನ ಮುಂದೆ ಕೈ ಚಾಚದೆ ಮಗನಿಗೆ ನೋಟ್‌ಬುಕ್ಕು ಕೊಂಡ ಅವ್ವಂದಿರನ್ನು ಕಂಡಿದ್ದೇವೆ. ನಮ್ಮ ಜಗಳ ಇಷ್ಟೆ: ಊರಿನ ಹೆಂಗಸಿಗೆ ಬಂದ ಎರಡು ಸಾವಿರ ಸರ್ಕಾರದ ಬೊಕ್ಕಸದ್ದು, ಕೇರಿಯ ಹೆಂಗಸಿಗೆ ಬಂದ ಎರಡು ಸಾವಿರ ಅವಳ ಮಗನ ಹಾಸ್ಟೆಲ್ಲಿನದು, ಗಂಗಾ ಕಲ್ಯಾಣದ ಕೊಳವೆಬಾವಿಯದು, ಭೂ ಒಡೆತನದ್ದು. ಅವರಿಗೆ ಹಕ್ಕು ಕೊಟ್ಟರು, ನಮಗೆ ನಮ್ಮ ಜೇಬಿನಿಂದಲೇ ತೆಗೆದು ಕೊಟ್ಟರು. ಚುನಾವಣೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಜೈಕಾರ.

ಹಾಗಾದರೆ ದಿಲ್ಲಿ ವಾಸಿಯೇ?

ನಮ್ಮ ಹಿರಿಯರಿಗೆ ದೂರದ ಸರ್ಕಾರದ ಮೇಲೆ ಒಂದು ನಂಬಿಕೆ ಇತ್ತು. ಅದಕ್ಕೆ ಕಾರಣ ಇತ್ತು. ಅಸ್ಪೃಶ್ಯತೆ ಅಪರಾಧ ಎಂದು 1955ರಲ್ಲಿ ಕಾನೂನು ಮಾಡಿದ್ದು ದಿಲ್ಲಿ. ದೌರ್ಜನ್ಯ ತಡೆ ಕಾಯ್ದೆ ಮಾಡಿದ್ದು 1989ರಲ್ಲಿ, ದಿಲ್ಲಿಯೇ. ಊರು ಕೊಟ್ಟದ್ದು ಒಂದೂ ಇಲ್ಲ. ಆದರೆ ದಿಲ್ಲಿ ಕಾನೂನು ಮಾಡುತ್ತದೆ, ಎಫ್.ಐ.ಆರ್. ಬರೆಯುವವನು ರಾಜ್ಯದ ಪೊಲೀಸು, ಸಾಕ್ಷಿ ಹೇಳಬೇಕಾದವನು ಅದೇ ಊರಲ್ಲಿ ಕೂಲಿಗೆ ಹೋಗಬೇಕಾದವನು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಾಕ್ಷಿಗಳನ್ನು ಬೈಯುವವರಿಗೆ ಒಂದು ಮಾತು: ನೀವು ಒಂದು ವರ್ಷ ಆ ಊರಲ್ಲಿ ಕೂಲಿ ಮಾಡಿ, ಆಮೇಲೆ ಬೈಯಿರಿ. ತಮಿಳುನಾಡಿನ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಪಂಚಾಯತಿ ಅಧ್ಯಕ್ಷನಾದ ಮುರುಗೇಶನ್ ಅವರನ್ನು 1997ರಲ್ಲಿ ಕೊಚ್ಚಿ ಕೊಂದರು, ಜೊತೆಗಿದ್ದವರನ್ನೂ ಕೊಂದರು. ಸಂವಿಧಾನ ಕೊಟ್ಟ ಕುರ್ಚಿಯಲ್ಲಿ ಕೂತದ್ದೇ ತಪ್ಪು. ದಿಲ್ಲಿಯ ಉದ್ದನೆಯ ಕೈ ಅಷ್ಟು ದೂರ ಚಾಚಲಿಲ್ಲ.

ಈಗಿನ ದಿಲ್ಲಿ ಬೇರೆ ಥರ ಹತ್ತಿರ ಬಂದಿದೆ. ರಕ್ಷಣೆಗಲ್ಲ, ಹಾಜರಿ ಹಿಡಿಯಲು. 2005ರ ಉದ್ಯೋಗ ಖಾತ್ರಿ ಕಾಯ್ದೆ ನೂರು ದಿನದ ಕೂಲಿಯನ್ನು ಹಕ್ಕು ಮಾಡಿತು. ನೂರಕ್ಕೆ ನೂರು ಕೂಲಿ ಕೇಂದ್ರವೇ ಕೊಡಬೇಕಿತ್ತು. ಆ ಕಾಯ್ದೆಯಿಂದ ನಮಗಾದ ದೊಡ್ಡ ಲಾಭ ಕೂಲಿಯ ದುಡ್ಡಲ್ಲ. "ನಾಳೆ ಬರಾಕಿಲ್ಲ ಗೌಡ್ರೆ, ಕೆರೆ ಕೆಲ್ಸ ಐತೆ" ಎಂದು ಹೇಳಬಲ್ಲ ಬಾಯಿ ಬಂದದ್ದು. ಅದು ಎಷ್ಟು ದೊಡ್ಡದು ಎನ್ನುವುದು ಆ ಮಾತನ್ನು ಎಂದೂ ಹೇಳದಿದ್ದವರ ಮಕ್ಕಳಿಗೆ ಗೊತ್ತು. 2021ರಲ್ಲಿ ಯಾರ ತಲೆಯಲ್ಲಿ ಏನು ಹೊಳೆಯಿತೋ, ಆ ಕೂಲಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಮೂರು ಭಾಗ ಮಾಡಿ ಬೇರೆ ಬೇರೆ ಪಾವತಿ ಮಾಡಿ ಎಂದು ದಿಲ್ಲಿಯಿಂದ ಸೂಚನೆ ಬಂತು. ಒಂದೇ ಗುಂಡಿ ಅಗೆದವರು, ಒಂದೇ ಹಾಜರಿ ಪಟ್ಟಿಯವರು, ಒಬ್ಬನಿಗೆ ಇವತ್ತು ದುಡ್ಡು, ಇನ್ನೊಬ್ಬನಿಗೆ ತಿಂಗಳು ಬಿಟ್ಟು. ಜೊತೆಯಲ್ಲಿ ಬುತ್ತಿ ಬಿಚ್ಚುತ್ತಿದ್ದವರು ಜಾತಿ ಹಿಡಿದು ಬೈದಾಡುವಂತಾಯಿತು. ಗಲಾಟೆಯಾದ ಮೇಲೆ ಅದೇ ವರ್ಷ ಕೈಬಿಟ್ಟರು. ಬಂದ ಹುಳಿ ಅಷ್ಟು ಬೇಗ ಹೋಗುತ್ತದೆಯೇ? 2023ರಿಂದ ದಿನಕ್ಕೆ ಎರಡು ಸಲ ಫೋಟೊ ಹಿಡಿದು ಆ್ಯಪಿಗೆ ಹಾಕಿದರೇ ಹಾಜರಿ. 2024ರಿಂದ ಆಧಾರ್ ಜೋಡಣೆಯಾದರೇ ಕೂಲಿ. ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲದಿದ್ದರೆ ಅಗೆದ ಮಣ್ಣು ಅಗೆದಂತಲ್ಲ!

ಕೊನೆಗೆ 2025ರ ಡಿಸೆಂಬರಿನಲ್ಲಿ ಆ ಕಾಯ್ದೆಯನ್ನೇ ತೆಗೆದು ಬೇರೆ ಕಾಯ್ದೆ ಮಾಡಿದರು. ದಿನ ನೂರರಿಂದ 125ಕ್ಕೆ ಏರಿತು ಎಂದು ಡೋಲು ಬಡಿದರು. ಒಳಗೆ ಓದಿ: ಖರ್ಚಿನಲ್ಲಿ ನೂರಕ್ಕೆ 40 ರಾಜ್ಯವೇ ಹಾಕಬೇಕು. ಯಾವ ರಾಜ್ಯಕ್ಕೆ ಎಷ್ಟು ಎಂದು ದಿಲ್ಲಿ ಗೆರೆ ಎಳೆಯುತ್ತದೆ. ಬಿತ್ತನೆ, ಕುಯ್ಲಿನ ಕಾಲದಲ್ಲಿ ಒಟ್ಟು ಅರವತ್ತು ದಿನ ಕೆಲಸ ನಿಲ್ಲಿಸಬೇಕು. ಯಾಕೆ ನಿಲ್ಲಿಸಬೇಕು? ಕೂಲಿಗೆ ಬೇಡಿಕೆ ಇರುವ, ಕೂಲಿಯವನು ನಾಲ್ಕು ಕಾಸು ಹೆಚ್ಚು ಕೇಳಬಹುದಾದ ಕಾಲ ಅದೊಂದೇ. "ಕೆರೆ ಕೆಲ್ಸ ಐತೆ" ಎನ್ನುವ ಬಾಯಿಗೆ ಸರಿಯಾಗಿ ಅದೇ ಕಾಲದಲ್ಲಿ ಬಟ್ಟೆ ತುರುಕಿದರು. ಅರಳಿಕಟ್ಟೆಯ ಸರ್ಕಾರ ಇಪ್ಪತ್ತು ವರ್ಷ ಬಯಸಿದ್ದನ್ನು ದಿಲ್ಲಿಯ ಸರ್ಕಾರ ಒಂದು ಕಲಮಿನಲ್ಲಿ ಕೊಟ್ಟಿತು. ಮೇಲಿನ ಸರ್ಕಾರಕ್ಕೂ ಊರ ಸರ್ಕಾರಕ್ಕೂ ತಂತಿ ಇಲ್ಲ ಎಂದವರು ಯಾರು?

ಇಬ್ಬರು ಸರ್ಕಾರದವರು ಜಗಳವಾಡುವಾಗ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಸ್ಕಾಲರ್‌ಶಿಪ್ಪೇ ಸಾಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರ ಎಷ್ಟು, ರಾಜ್ಯ ಎಷ್ಟು ಎನ್ನುವ ತಕರಾರು ವರ್ಷಗಟ್ಟಲೆ ನಡೆದು, 2020ರ ಡಿಸೆಂಬರಿನಲ್ಲಿ 60-40 ಎಂದು ತೀರ್ಮಾನವಾಯಿತು. ನಾವು ಓದುವಾಗ ಕಾಲೇಜಿನ ಗುಮಾಸ್ತ "ಸೆಂಟ್ರಲ್ ಶೇರ್ ಬಂದಿಲ್ಲ" ಎನ್ನುತ್ತಿದ್ದ, ಸಮಾಜ ಕಲ್ಯಾಣದ ಕಚೇರಿಯವರು "ಕಾಲೇಜಿನವರು ಅಪ್ಲೋಡ್ ಮಾಡಿಲ್ಲ" ಎನ್ನುತ್ತಿದ್ದರು. ಫೀಸು ಕಟ್ಟದೆ ಹಾಲ್ ಟಿಕೆಟ್ ಇಲ್ಲ. ಒಬ್ಬರ ಕುರಿ ಹೋಯಿತು, ಒಬ್ಬರ ಅಕ್ಕನ ಓಲೆ ಹೋಯಿತು, ಒಬ್ಬ ಓದು ಬಿಟ್ಟು ಬೆಂಗಳೂರಿನ ಗಾರೆ ಕೆಲಸಕ್ಕೆ ಹೋದ. ಅವನು ನಮಗಿಂತ ಚೆನ್ನಾಗಿ ಓದುತ್ತಿದ್ದ. ಅವನನ್ನು ಓದು ಬಿಡಿಸಿದ್ದು ಅರವತ್ತರ ಸರ್ಕಾರವೋ ನಲವತ್ತರದೋ?

ಜಮೀನಿನ ಮಾತು ಇನ್ನೂ ಚೋದ್ಯ. ನಮಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡುವಂತಿಲ್ಲ, ಮಾಡಿದ್ದರೆ ಎ.ಸಿ. ಅದನ್ನು ಬಿಡಿಸಿ ವಾಪಸು ಕೊಡಿಸಬೇಕು ಎಂದು 1978ರಲ್ಲಿ ನಮ್ಮ ರಾಜ್ಯ ಪಿ.ಟಿ.ಸಿ.ಎಲ್. ಕಾಯ್ದೆ ಮಾಡಿತು. ಅರ್ಜಿ ಹಾಕಲು ಇಷ್ಟು ವರ್ಷ ಎಂದು ಅದರಲ್ಲಿ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಕಾಲ'ದೊಳಗೆ ಬರಬೇಕಿತ್ತು ಎಂದಿತು. ಅಷ್ಟು ಸಾಕಾಯಿತು, ಎ.ಸಿ. ಕಚೇರಿಗಳಲ್ಲಿ ಅರ್ಜಿಗಳು ರಾಶಿ ರಾಶಿ ವಜಾ. ಓದು ಬಾರದ, ಜಮೀನು ಕೊಂಡವನ ಮನೆಯಲ್ಲೇ ಜೀತಕ್ಕಿದ್ದವನಿಗೆ ಯಾವ ಕಾಲ ಸಮಂಜಸ? ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಬಿಸಿಲು ಮಳೆಗೆ ಕೂತು ಹೋರಾಡಿದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಎಂದು ತಿದ್ದುಪಡಿಯಾಯಿತು. ಸತ್ತವನನ್ನು ಹೂಳುವ ಜಾಗದ್ದೂ ಇದೇ ಪಾಡು. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಸರ್ಕಾರಿ ಜಮೀನನ್ನು ಸ್ಮಶಾನಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಐತೆ. ಲೆಕ್ಕಿಗ ವರದಿ ಬರೆಯಬೇಕು, ಇನ್‌ಸ್ಪೆಕ್ಟರ್ ಸ್ಥಳ ನೋಡಬೇಕು, ತಹಸೀಲ್ದಾರ್ ಶಿಫಾರಸು ಮಾಡಬೇಕು. ಹೆಣ ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಹಳ್ಳದ ದಂಡೆಯಲ್ಲಿ ಹೂತು ಬರುತ್ತೇವೆ.

ಹೀಗಿರುವಾಗ ಅಧಿಕಾರ ಮೇಲಿರಬೇಕೋ ಕೆಳಗಿರಬೇಕೋ ಎಂದು ಬುದ್ಧಿಜೀವಿಗಳು ಸೆಮಿನಾರು ಮಾಡುತ್ತಾರೆ. ವಿಕೇಂದ್ರೀಕರಣ ಎಂದು ಬಾಯಿ ಚಪ್ಪರಿಸುವವರನ್ನು ನಾವು ನಂಬುವುದಿಲ್ಲ. ಕೆಳಗೆ ಇಳಿದ ಅಧಿಕಾರ ಕೇರಿಗೆ ಬಾರದೆ ಊರ ಬಾಗಿಲಲ್ಲೇ ನಿಂತರೆ ಅದು ಗೌಡಿಕೆ. 2020ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಬಹಿರಂಗವಾಗಿ ಹರಾಜು ಹಾಕಿದರು, ಅದನ್ನು 'ಅವಿರೋಧ ಆಯ್ಕೆ' ಎಂದರು. ಹರಾಜಿನ ಕೂಗಿಗೆ ನಮ್ಮಲ್ಲಿ ದುಡ್ಡೆಲ್ಲಿದೆ? ಹಾಗೆಂದು ಎಲ್ಲವನ್ನೂ ದಿಲ್ಲಿಗೆ ಕೊಡಿ ಎನ್ನುವವರ ಜೊತೆಗೂ ನಾವಿಲ್ಲ. ದಿಲ್ಲಿಯ ಬಾಗಿಲು ತಟ್ಟಲು ನಮಗೆ ಬಸ್ ಚಾರ್ಜಿಲ್ಲ. ಪಂಚಾಯತಿ ಬಾಗಿಲಾದರೆ ಕಾಲಲ್ಲಿ ಒದೆಯುವಷ್ಟು ಹತ್ತಿರ ಐತೆ. ಅದಕ್ಕೇ ಅದು ಬೇಕು, ಅದಕ್ಕೇ ಅವರು ಅದನ್ನು ಬರಿದು ಮಾಡುತ್ತಿದ್ದಾರೆ.

ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಚುನಾವಣೆ ಇಲ್ಲದೆ ಯಾವ ಎಮ್ಮೆಲ್ಲೆಯೂ ಕೇರಿಗೆ ಓಟು ಕೇಳಲು ಬರಕೂಡದು. ಬಂದರೆ ಇಷ್ಟನ್ನೇ ಕೇಳಿ: ನಮ್ಮ ಮೀಸಲು ಕುರ್ಚಿ ಎಲ್ಲಿ?

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹತ್ತಿರ ಒಂದು ಬೇಡಿಕೆ. ವಾರ್ಡ್ ಸಭೆಯ ಕೋರಂನಲ್ಲಿ ಪರಿಶಿಷ್ಟರೂ ಹೆಂಗಸರೂ ಇರಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ನಿಮ್ಮ ಪಂಚಾಯತಿಯ ನಡಾವಳಿ ಪುಸ್ತಕದಲ್ಲಿ ಆ ಸಭೆಗಳು ಎಂದು ನಡೆದವು, ಯಾರು ಹೆಬ್ಬೆಟ್ಟು ಒತ್ತಿದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಖರ್ಚು. ನಮ್ಮವರ ಹೆಬ್ಬೆಟ್ಟುಗಳಿರುತ್ತವೆ, ನೋಡಿ. ಯಾವ ಸಂಜೆ ಯಾರ ಜಗಲಿಯಲ್ಲಿ ಒತ್ತಿಸಿಕೊಂಡದ್ದು ಎಂದು ಆ ಬೆರಳಿನವರನ್ನೇ ಕೇಳಿ. ವಿದ್ಯಾರ್ಥಿ ಗೆಳೆಯರು ರಜೆಗೆ ಊರಿಗೆ ಹೋದಾಗ ಕೇರಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯಿರಿ: ಇವತ್ತು ಊರಿಗೆ ನೀರು ಎಷ್ಟು ಹೊತ್ತು, ಕಾಲೊನಿಗೆ ಎಷ್ಟು ಹೊತ್ತು. ಅಳಿಸಿದರೆ ಮತ್ತೆ ಬರೆಯಿರಿ. ಒಂದು ತಿಂಗಳು ಬರೆದು, ಆ ಲೆಕ್ಕವನ್ನು ಹಾಳೆಗೆ ಇಳಿಸಿ, ಗ್ರಾಮಸಭೆಯಲ್ಲಿ ಅವ್ವಂದಿರ ಕೈಯಲ್ಲೇ ಓದಿಸಿ. ನಡಾವಳಿಗೆ ಏರಿಸುವ ತನಕ ಪಿ.ಡಿ.ಒ. ಕುರ್ಚಿಯಿಂದ ಏಳಬಾರದು, ವಾಟರ್‌ಮ್ಯಾನ್ ಬೀಗದ ಕೈ ಮೇಜಿನ ಮೇಲೆ ಇಟ್ಟಿರಬೇಕು.